ಗುಡಿಸಿದ ತೋಟದ ಫೋಟೊ

ಫೋಟೊದಲ್ಲಿ ಮೊದಲು ಕಾಣುವುದು ಕುರ್ಚಿ. ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಬೆನ್ನಿನ ಮೇಲೆ ಮಡಿಸಿ ಹಾಕಿದ ಬಿಳಿ ಟವೆಲು. ಪಕ್ಕದಲ್ಲಿ ಐವತ್ತು ದಾಟಿರಬಹುದಾದ ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಾರೆ. ನೀಲಿ ಸೀರೆ. ಪೆಟ್ಟಿಗೆಯಿಂದ ಅವತ್ತೇ ತೆಗೆದು ಉಟ್ಟದ್ದೆಂದು ಮಡಿಕೆಯ ಗೆರೆಗಳಿಂದ ಗೊತ್ತಾಗುತ್ತದೆ. ಅವರ ಹಿಂದೆ ನೆಲ. ಆ ನೆಲದ ಮೇಲೆ ಎಲೆಯಿಲ್ಲ, ಕಡ್ಡಿಯಿಲ್ಲ. ಪೊರಕೆಯ ಗೀರುಗಳು ಬಲದಿಂದ ಎಡಕ್ಕೆ ಒಂದೇ ಸಮನಾಗಿ ಹೋಗಿವೆ. ಚಿತ್ರದ ಕೆಳಗಿನ ಪಟ್ಟಿಯಲ್ಲಿ ದಿನ, ಗಂಟೆ, ಮತ್ತು ಆ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ತಿಳಿಸುವ ಎರಡು ಉದ್ದನೆಯ ಅಂಕೆಗಳು.

ಈ ಚಿತ್ರವನ್ನು ನಾನು ಜುಲೈ ತಿಂಗಳ ಒಂದು ಬೆಳಿಗ್ಗೆ ದಿಲ್ಲಿಯ ಕಚೇರಿಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ನೋಡಿದೆ. ಎರಡು ನಿಮಿಷಕ್ಕಿಂತ ಹೆಚ್ಚು ನೋಡಿರಲಾರೆ. ಆಮೇಲೆ ಕಡತದಲ್ಲಿ ಒಂದು ವಾಕ್ಯ ಬರೆದೆ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ, ‘ಚಿತ್ರದಲ್ಲಿ ಬೆಳೆಹಾನಿ ಕಂಡುಬರುವುದಿಲ್ಲ.’

ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ನಾನು ಬಯಲುಸೀಮೆಯವಳು. ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ದಿಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ನಾನು ಇರುವ ವಿಭಾಗ ಚಂಡಮಾರುತ, ನೆರೆ ಇಂಥವುಗಳಿಂದ ಬೆಳೆ ಕಳೆದುಕೊಂಡ ಸಣ್ಣ ಹಿಡುವಳಿದಾರರಿಗೆ ಮತ್ತೆ ನೆಡಲು ಸಸಿ ಕೊಡುವ ಒಂದು ಯೋಜನೆಯನ್ನು ನೋಡಿಕೊಳ್ಳುತ್ತದೆ. ರಾಜ್ಯಗಳಿಂದ ಊರೂರಿನ ಪಟ್ಟಿ ಬರುತ್ತದೆ. ಪ್ರತಿ ಪಟ್ಟಿಯಿಂದ ಮೂರು ಹೆಸರನ್ನು ಕಂಪ್ಯೂಟರೇ ಆರಿಸಿ ನಮ್ಮ ಮುಂದಿಡುತ್ತದೆ. ಆ ಮೂವರ ಕಾಗದ, ಫೋಟೊ ಸರಿಯಿದ್ದರೆ ಇಡೀ ಊರಿನ ಪಟ್ಟಿ ಮುಂದೆ ಹೋಗುತ್ತದೆ. ಒಂದು ಸರಿಯಿಲ್ಲದಿದ್ದರೂ ಇಡೀ ಪಟ್ಟಿ ಹಿಂದಕ್ಕೆ. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಕರಾವಳಿಗೆ ಚಂಡಮಾರುತ ಬಂದಿತ್ತು. ಕಾಗದಗಳು ಕನ್ನಡದಲ್ಲಿದ್ದವು. ವಿಭಾಗದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಅವು ನನ್ನ ಮೇಜಿಗೆ ಬಂದವು.

ಸಮುದ್ರದ ಪಕ್ಕದ ಒಂದು ಊರು. ಮೂವತ್ತೊಂದು ಹೆಸರು, ಬಹುತೇಕ ಹೆಂಗಸರದು. ಎಲ್ಲರದೂ ಮಲ್ಲಿಗೆ. ಒಬ್ಬೊಬ್ಬರಿಗೂ ಮನೆಯ ಸುತ್ತ ಎಂಟು ಸೆಂಟ್ಸು, ಹತ್ತು ಸೆಂಟ್ಸು ಜಾಗ. ಗಾಳಿಯ ದಿನ ಸಮುದ್ರದ ನೀರು ತೋಟಕ್ಕೆ ನುಗ್ಗಿ ಎರಡು ದಿನ ನಿಂತು, ಗಿಡಗಳ ಬೇರು ಕೊಳೆತಿತ್ತು ಎಂದು ಅರ್ಜಿಯಲ್ಲಿತ್ತು. ಕಂಪ್ಯೂಟರು ಆರಿಸಿದ ಮೂರು ಫೋಟೊಗಳಲ್ಲೂ ಕೊಳೆತ ಗಿಡ ಕಾಣಲಿಲ್ಲ. ಮೂರರಲ್ಲೂ ಗುಡಿಸಿದ ನೆಲ. ಕುರ್ಚಿ ಇದ್ದದ್ದು ಒಂದರಲ್ಲಿ ಮಾತ್ರ.

ಪಕ್ಕದ ಮೇಜಿನ ಸಹೋದ್ಯೋಗಿ, ಹರಿಯಾಣದವರು, ಬಗ್ಗಿ ನನ್ನ ಪರದೆ ನೋಡಿದರು. “ಮೇಡಂಜೀ, ಇವರ ತೋಟ ನಮ್ಮ ಸಾಹೇಬರ ಕೋಣೆಗಿಂತ ಸಾಫ್ ಇದೆಯಲ್ಲ. ತೂಫಾನು ಬಂತೋ, ಪೊರಕೆ ಬಂತೋ?” ಎಂದರು. ನಾನು ನಕ್ಕೆ. ನಕ್ಕದ್ದು ನೆನಪಿದೆ. ಪಟ್ಟಿಯನ್ನು ಮರುಪರಿಶೀಲನೆಗೆ ಹಿಂದಿರುಗಿಸುವ ಪತ್ರ ಅದೇ ದಿನ ನನ್ನ ಸಹಿಯಲ್ಲಿ ಹೋಯಿತು.

ಮೂರು ವಾರದ ಮೇಲೆ, ಊಟಕ್ಕೆ ಏಳುವ ಹೊತ್ತಿಗೆ, ಕೆಳಗಿನ ರಿಸೆಪ್ಷನ್‌ನಿಂದ ಫೋನು ಬಂತು. ಒಬ್ಬ ಹೆಂಗಸು ಬಂದಿದ್ದಾರೆ, ಹಿಂದಿ ಬರುವುದಿಲ್ಲ, ಚೀಲದಲ್ಲಿ ಏನೋ ಇದೆ, ಗೇಟಿನವರು ಬಿಡುತ್ತಿಲ್ಲ, ನೀವು ಬನ್ನಿ ಎಂದರು. ನಾನು ಇಳಿದು ಹೋದೆ.

ಚೀಲ ತಪಾಸಣೆಯ ಯಂತ್ರದಿಂದ ಹೊರಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಿತ್ತು. ಅಂಗಡಿಯಲ್ಲಿ ಅಕ್ಕಿಗೆ ಕೊಡುವಂಥ ಚೀಲ. ಬಾಯಿ ತೆರೆದಿತ್ತು. ಒಳಗೆ ಕಪ್ಪಗೆ ಒಣಗಿದ ಬೇರುಗಳು, ಅವಕ್ಕೆ ಅಂಟಿದ ಮರಳುಮಣ್ಣು. ಗೇಟಿನ ಕಾವಲಿನವ ನನ್ನ ಕೊರಳಿನ ಗುರುತಿನ ಕಾರ್ಡನ್ನು ಎತ್ತಿ ಓದಿ, “ಮೇಡಂ, ಯೇ ಮಿಟ್ಟಿ ಅಂದರ್ ನಹೀ ಜಾಯೇಗೀ,” ಎಂದ. ಮಣ್ಣು ಒಳಗೆ ಹೋಗುವಂತಿಲ್ಲ. ಅವನ ಹಿಂದೆ ನೀಲಿ ಸೀರೆಯ ಹೆಂಗಸು ನಿಂತಿದ್ದರು. ಸೀರೆ ಅದೇ. ನಾನು ಮೊದಲು ಗುರುತಿಸಿದ್ದು ಸೀರೆಯನ್ನು, ಆಮೇಲೆ ಮುಖವನ್ನು. ಅವರ ಜೊತೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು, ಕಾರ್ಖಾನೆಯ ಬೂದು ಅಂಗಿಯಲ್ಲಿ.

“ನೀವು ಕನ್ನಡವಾ?” ಎಂದು ಆಕೆ ಕೇಳಿದರು.

“ಹೌದು, ಹೇಳಿ.”

“ಬದುಕಿದೆ ಮಾರಾಯ್ರೆ. ಇವ ನನ್ನ ಅಳಿಯ. ಮಾನೇಸರದಲ್ಲಿ ಕಾರಿನ ಎಂತದೋ ಮಾಡುವಲ್ಲಿ ಕೆಲಸ. ಇವನಿಗೆ ಹಿಂದಿ ಬರ್ತದೆ, ಆದ್ರೆ ಬಾಯಿ ಬಿಡುವುದಿಲ್ಲ.”

ಅಳಿಯ ನನ್ನ ಕಡೆ ನೋಡಿ ತಲೆ ಬಗ್ಗಿಸಿದ.

ನಾವು ಗೇಟಿನ ಹೊರಗೆ, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಆಕೆ ಬ್ಲೌಸಿನೊಳಗಿನ ಪರ್ಸಿನಿಂದ ನಾಲ್ಕಾಗಿ ಮಡಿಸಿದ ಒಂದು ಜೆರಾಕ್ಸ್ ತೆಗೆದರು. ಪಂಚಾಯಿತಿಯಲ್ಲಿ ಕೊಟ್ಟದ್ದು. ನಮ್ಮ ಪತ್ರ. ಅದನ್ನು ನನ್ನ ಕೈಗೆ ಕೊಡುವ ಮೊದಲು ತೊಡೆಯ ಮೇಲಿಟ್ಟು ಅಂಗೈಯಿಂದ ಎರಡು ಸಲ ಸವರಿ ಸಪಾಟು ಮಾಡಿದರು.

“ನನ್ನ ತೋಟಕ್ಕೆ ಎಂತದೂ ಆಗ್ಲಿಲ್ಲ ಅಂತ ಬರ್ದಿದ್ದಾರಂತೆ. ಹೌದಾ?”

“ಫೋಟೊದಲ್ಲಿ ಕಾಣುವುದಿಲ್ಲ ಅಂತ ಬರೆದಿದೆ.”

“ಫೋಟೊದಲ್ಲಿ ಹೇಗೆ ಕಾಣುದು? ತೋಟಗಾರಿಕೆಯ ಆಫೀಸಿನವರು ಹಿಂದಿನ ದಿನ ಫೋನ್ ಮಾಡಿದ್ರು. ನಾಳೆ ಬರ್ತೇವೆ, ಫೋಟೊ ತೆಗಿಲಿಕ್ಕುಂಟು, ಡೆಲ್ಲಿಯವರು ನೋಡ್ತಾರೆ ಅಂತ. ಡೆಲ್ಲಿಯವರು ನೋಡ್ತಾರೆ ಅಂದ್ಮೇಲೆ ಆ ಕೊಳೆತದ್ದನ್ನೆಲ್ಲ ಹಾಗೇ ಇಟ್ಟುಕೊಂಡು ನಿಲ್ಲುದಾ? ನಾನು, ನೆರೆಮನೆಯವಳು ಸೇರಿ ಕಿತ್ತು ಸುಟ್ಟೆವು. ಗುಡಿಸಿದೆವು. ಕುರ್ಚಿ ಹಾಕಿ ಟವೆಲು ಹಾಕಿದೆ. ಅವರು ಕೂತುಕೊಳ್ಳಲೇ ಇಲ್ಲ. ಬೆಲ್ಲ ನೀರು ಸಹ ಮುಟ್ಲಿಲ್ಲ. ನಿಂತೇ ತೆಗ್ದು ಹೋದ್ರು.” ನನ್ನ ಕಡೆ ತಿರುಗಿ ಕೇಳಿದರು, “ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ನಿಮ್ಮ ಊರಲ್ಲಿ ಗುಡಿಸುದಿಲ್ವಾ?”

ಗುಡಿಸುತ್ತಾರೆ ಎಂದೆ.

ಚೀಲದಲ್ಲಿದ್ದದ್ದು ಏಳು ಬುಡ. ಸುಡುವಾಗ ಯಾಕೋ ತೆಗೆದಿಟ್ಟುಕೊಂಡದ್ದಂತೆ. ಮಗಳು ಹೆತ್ತಿದ್ದಳು. ಬಾಣಂತನಕ್ಕೆ ಅವಳು ತವರಿಗೆ ಬರಬೇಕಿತ್ತು. ಮನೆಯೊಳಗೆ ಉಪ್ಪುನೀರು ಹೊಕ್ಕು ಗೋಡೆ ಇನ್ನೂ ಒದ್ದೆಯಿದ್ದುದರಿಂದ ತಾಯಿಯೇ ಮಾನೇಸರಕ್ಕೆ ಬಂದರು. ಬರುವಾಗ ಲೇಹ್ಯದ ಡಬ್ಬಿಯ ಜೊತೆ ಬುಡಗಳನ್ನೂ ತಂದರು. ಹೇಗೂ ದಿಲ್ಲಿಯ ಹತ್ತಿರ ಹೋಗುತ್ತೇನಲ್ಲ, ಅಲ್ಲಿಯವರಿಗೆ ಒಮ್ಮೆ ತೋರಿಸಿ ಬರುತ್ತೇನೆ ಎಂದುಕೊಂಡರಂತೆ. ಒಂದು ಬುಡವನ್ನು ನನ್ನ ಕೈಯಲ್ಲಿಟ್ಟರು. ಹಗುರವಾಗಿತ್ತು. ಉಗುರಿನಿಂದ ಒತ್ತಿದರೆ ತೊಗಟೆ ಪುಡಿಯಾಗಿ ಬಿತ್ತು.

“ಮಳೆ ಉಂಟಲ್ಲ, ಅದು ಬಿಡುವ ಮುಂಚೆ ಸಸಿ ಮಣ್ಣಿಗೆ ಹೋಗ್ಬೇಕು,” ಎಂದು ಆಕೆ ವಿವರಿಸಿದರು. “ಈಗ ಮಳೆಗೆ ಉಪ್ಪು ಕೆಳಗೆ ಇಳಿದಿರ್ತದೆ. ಮಳೆ ಬಿಟ್ಟ ಮೇಲೆ ಪುನಃ ಮೇಲೆ ಬರ್ತದೆ. ಅಷ್ಟರಲ್ಲಿ ಬೇರು ಹಿಡಿದಿದ್ರೆ ಗಿಡ ತಡ್ಕೊಳ್ತದೆ. ಇಲ್ಲದಿದ್ರೆ ಇಲ್ಲ. ಬಾವಿಯ ನೀರು ಹಾಕುವ ಅಂದ್ರೆ ಅದೂ ಉಪ್ಪು.” ಆಮೇಲೆ, “ಹಣ ಗಿಣ ನಾನು ಕೇಳಿಲ್ಲ. ಸಸಿ ಕೊಟ್ರೆ ಸಾಕು. ಉಳಿದದ್ದು ನಾನು ಮಾಡ್ತೇನೆ,” ಎಂದರು.

ನಾನು ನನ್ನ ಫೋನು ತೆಗೆದು, ಕಡತಕ್ಕೆ ಚಿತ್ರ ಸೇರಿಸುವ ಅದೇ ಆ್ಯಪಿನಲ್ಲಿ, ಕಟ್ಟೆಯ ಮೇಲೆ ಏಳೂ ಬುಡಗಳನ್ನು ಸಾಲಾಗಿ ಇಡಿಸಿ ಫೋಟೊ ತೆಗೆದೆ. ಆಕೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಬಂದು ನಿಂತರು. ಅದಕ್ಕೂ ಮುಂಚೆ ಕಟ್ಟೆಯ ಮೇಲೆ ಬಿದ್ದಿದ್ದ ಬೇವಿನ ಎಲೆಗಳನ್ನು ಕೈಯಿಂದ ತಳ್ಳಿದ್ದರು.

ಹೊರಡುವಾಗ ಜೆರಾಕ್ಸನ್ನು ಮತ್ತೆ ಮಡಿಸುತ್ತ ಕೇಳಿದರು, “ಇದನ್ನು ಬರ್ದವರು ಯಾರು? ಅವರನ್ನು ಒಮ್ಮೆ ನೋಡ್ಬಹುದಿತ್ತಾ?”

“ಅದು ಮೇಲಿನವರು ಬರೆದದ್ದು,” ಎಂದೆ.

ಆಕೆ ತಲೆ ಎತ್ತಿ ಕಟ್ಟಡದ ಮೇಲಿನ ಮಹಡಿಗಳನ್ನು ನೋಡಿದರು. ಅಳಿಯ ಚೀಲವನ್ನು ಹೆಗಲಿಗೇರಿಸಿಕೊಂಡ.

ಆ ಸಂಜೆ ಮನೆಯಲ್ಲಿ ನಡೆದ ಮಾತನ್ನೂ ಬರೆಯಬೇಕು. ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಮಲಗುವ ಕೋಣೆಯ ಗೋಡೆ ಪ್ರತಿ ಮಳೆಗಾಲದಲ್ಲೂ ಸೋರುತ್ತದೆ. ಹಿಂದಿನ ವರ್ಷ ಹತ್ತಾರು ಸಲ ದೂರು ಕೊಟ್ಟ ಮೇಲೆ ಎಂಜಿನಿಯರರು ನೋಡಲು ಬರುತ್ತೇವೆಂದು ತಿಳಿಸಿದ್ದರು. ಅವರು ಬರುವ ದಿನ ನಾನು ರಜೆ ಹಾಕಿ, ಗೋಡೆಯ ಕಪ್ಪು ಬೂಷ್ಟನ್ನು ಬ್ಲೀಚಿನಿಂದ ಒರೆಸಿ, ಕೆಳಗಿಟ್ಟಿದ್ದ ಬಕೆಟ್ಟು ತೆಗೆದು, ಸುಣ್ಣ ಎದ್ದ ಜಾಗಕ್ಕೆ ಬ್ಯಾಂಕಿನ ಕ್ಯಾಲೆಂಡರು ನೇತುಹಾಕಿದ್ದೆ. ಬಂದವರಿಗೆ ಕಾಫಿ ಕೊಟ್ಟಿದ್ದೆ. ಅವರು ‘ಸೋರಿಕೆ ಕಂಡುಬಂದಿಲ್ಲ’ ಎಂದು ಬರೆದು ಹೋಗಿದ್ದರು. ಈ ವರ್ಷವೂ ಬಕೆಟ್ಟು ಅಲ್ಲೇ ಇತ್ತು.

ಊಟದ ಹೊತ್ತಿನಲ್ಲಿ ಆ ಹೆಂಗಸಿನ ವಿಷಯ ಹೇಳಿದೆ. ನನ್ನ ವಾಕ್ಯದ ವಿಷಯ ಹೇಳಲಿಲ್ಲ. ಗಂಡ ಕೋಣೆಯ ಕಡೆ ಕೈ ತೋರಿಸಿ, “ಪಾಪ, ಅವರ ಹತ್ತಿರ ಕ್ಯಾಲೆಂಡರು ಇರಲಿಲ್ಲ ಅಷ್ಟೆ. ಇದ್ದಿದ್ದರೆ ಅದನ್ನೂ ಹಾಕುತ್ತಿದ್ದರು,” ಎಂದರು.

ಎಂಟನೇ ಕ್ಲಾಸಿನ ಮಗಳು ಫೋನಿನಿಂದ ತಲೆ ಎತ್ತದೆ, “ಅಮ್ಮಾ ಯಾರ್, ನೀವೆಲ್ಲಾ ಸೇಮ್ ಟು ಸೇಮ್. ಪ್ರೂಫನ್ನೇ ಸಾಫ್ ಕರ್ ದೇತೇ ಹೋ,” ಎಂದಳು. ಸಾಕ್ಷಿಯನ್ನೇ ಒರೆಸಿ ಇಡುವವರು ನಾವು.

ನಾನು ಎದ್ದು ಹೋಗಿ ಬಕೆಟ್ಟಿನ ನೀರು ಚೆಲ್ಲಿ ಬಂದೆ. ಫೋಟೊ ನೋಡಿದ ದಿನ ಇದು ನನಗೆ ಯಾಕೆ ನೆನಪಾಗಲಿಲ್ಲ ಎಂದು ಕೇಳಿಕೊಂಡೆ. ಆ ಕುರ್ಚಿ ಯಾರಿಗೆಂದು ನನಗೆ ಗೊತ್ತಿತ್ತು. ಆ ಟವೆಲು ಯಾಕೆಂದೂ ಗೊತ್ತಿತ್ತು. ಗೊತ್ತಿದ್ದದ್ದು ಆ ಎರಡು ನಿಮಿಷದಲ್ಲಿ ಎಲ್ಲಿಗೆ ಹೋಗಿತ್ತೋ ತಿಳಿಯದು.

ಮರುದಿನ ಬುಡಗಳ ಚಿತ್ರದೊಂದಿಗೆ ಹೊಸ ಟಿಪ್ಪಣಿ ಬರೆದು ಸಾಹೇಬರ ಕೋಣೆಗೆ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಓದಿದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಕೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟರು. ಅಲ್ಲಿ ನಮ್ಮ ಕಚೇರಿಯ ರಸ್ತೆಯ ಜಾಗ ದಾಖಲಾಗಿತ್ತು.

“ದಿಲ್ಲಿಯಲ್ಲಿ ಮಲ್ಲಿಗೆ ತೋಟ ಮುಳುಗಿತು ಅಂತ ಬರೆಯೋಣವೇ?” ಎಂದರು. ಅಣಕಿಸಿ ಹೇಳಿದ್ದಲ್ಲ. ಬೇರೆ ದಾರಿಯಿದೆಯೇ ಎಂದು ಅವರೂ ಹುಡುಕುತ್ತಿದ್ದರು. ಕೊನೆಗೆ ಒಂದು ಒಪ್ಪಿಕೊಂಡರು. ಮೂವರ ಹೊಸ ಚಿತ್ರಗಳು, ಅವರವರ ತೋಟದಲ್ಲೇ, ಅವರವರನ್ನು ನಿಲ್ಲಿಸಿ ತೆಗೆದದ್ದು, ಎರಡು ವಾರದೊಳಗೆ ಬಂದರೆ ಪಟ್ಟಿಯನ್ನು ಈ ಸಲದ ಮಂಜೂರಾತಿ ಸಭೆಗೇ ಹಾಕುತ್ತೇನೆ ಎಂದರು. ತಪ್ಪಿದರೆ ಮುಂದಿನ ಸಭೆ ಅಕ್ಟೋಬರಿನಲ್ಲಿ.

ನಾನು ಜಿಲ್ಲೆಯ ಕಚೇರಿಗೆ ಫೋನು ಮಾಡಿದೆ. ಉಳಿದಿಬ್ಬರು ಊರಿನಲ್ಲೇ ಇದ್ದರು. ಅವರ ಬೇಲಿಯ ಮೂಲೆಯಲ್ಲಿ ಕಿತ್ತ ಗಿಡಗಳ ರಾಶಿ ಇನ್ನೂ ಉಳಿದಿತ್ತು, ಅದನ್ನು ತೋರಿಸಬಹುದಿತ್ತು. ಊರಿನಲ್ಲಿ ಇಲ್ಲದವರು ಒಬ್ಬರೇ. ಅವರ ಗಿಡಗಳಲ್ಲಿ ಸುಡದೆ ಉಳಿದ ಏಳು ಬುಡಗಳೂ ಅವರ ಜೊತೆ ಮಾನೇಸರದಲ್ಲಿದ್ದವು.

ಭಾನುವಾರ ನಾನು ಮಾನೇಸರಕ್ಕೆ ಹೋದೆ. ಗುರುಗ್ರಾಮದವರೆಗೆ ಮೆಟ್ರೊ, ಅಲ್ಲಿಂದ ಹೆದ್ದಾರಿಯ ಬಸ್ಸು, ಕೊನೆಗೆ ಆರು ಜನ ತುಂಬಿದ ಆಟೋ. ಫೋನಿನಲ್ಲಿ ಹೇಳಬಹುದಾಗಿದ್ದ ಮಾತು. ಮಗುವಿಗೆಂದು ಎರಡು ಜೊತೆ ಬಟ್ಟೆ ತೆಗೆದುಕೊಂಡಿದ್ದೆ.

ಕಾರ್ಖಾನೆಯವರು ಬಾಡಿಗೆಗಿರುವ ನಾಲ್ಕು ಮಹಡಿಯ ಕಟ್ಟಡ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ನಾನು ಹೋದಾಗ ಆಕೆ ಬಚ್ಚಲಿನಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲುಗಳನ್ನು ನೀಡಿ, ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ನೀರು ಕಾಯಿಸುವ ರಾಡನ್ನು ಆಗತಾನೆ ತೆಗೆದಿಟ್ಟ ಬಕೆಟ್ಟು ಹಬೆಯಾಡುತ್ತಿತ್ತು. “ಬಂದ್ರಾ? ಕೂತುಕೊಳ್ಳಿ. ಇದನ್ನು ಅರ್ಧಕ್ಕೆ ಬಿಡ್ಲಿಕ್ಕೆ ಆಗುದಿಲ್ಲ,” ಎಂದರು. ನಾನು ಬಾಗಿಲ ಬಳಿ ನಿಂತೆ. ಕೂರಲು ಕುರ್ಚಿಯಿತ್ತು. ಬರುತ್ತೇನೆಂದು ಮೊದಲೇ ಫೋನು ಮಾಡಿದ್ದೆ. ಅದರ ಮೇಲೆ ಒಗೆದ ಟವೆಲು ಮಡಿಸಿ ಹಾಕಿತ್ತು.

ನಾನು ಕೂತೆ. ಈ ಸಲವಾದರೂ ಯಾರಾದರೂ ಕೂರಬೇಕು ಅನ್ನಿಸಿತು.

ಹೇಳಬೇಕಾದ್ದನ್ನು ಹೇಳಿದೆ. ಆಕೆ ಮಗುವಿನ ಬೆನ್ನಿಗೆ ನೀರು ಹಾಕುವುದನ್ನು ನಿಲ್ಲಿಸದೆ ಕೇಳಿದರು. ಚೊಂಬಿನಿಂದ ನೀರು ಮೊದಲು ಅವರ ಕೈ ಮೇಲೆ ಬಿದ್ದು, ಅಲ್ಲಿಂದ ಮಗುವಿನ ಮೇಲೆ ಇಳಿಯುತ್ತಿತ್ತು. ಮಗುವಿಗೆ ಆಗ ಹದಿನೆಂಟು ದಿನ. ಬಾಣಂತನ ನಲವತ್ತು ದಿನದ್ದು.

“ಅಲ್ಲಿಗೆ ನಾನೇ ಹೋಗಿ ನಿಲ್ಬೇಕಾ? ನನ್ನ ನಾದಿನಿ ನಿಂತ್ರೆ ಆಗುದಿಲ್ವಾ?”

“ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರೇ ಇರಬೇಕು.”

“ಗೊಬ್ರಿ ಸಹಿತ?” ಎಂದರು. ಅವರ ಊರಿನಲ್ಲಿ ಕೊಳೆತ ಬುಡಕ್ಕೆ ಹಾಗನ್ನುತ್ತಾರೋ, ಅವರೇ ಇಟ್ಟ ಹೆಸರೋ, ಕೇಳಲಿಲ್ಲ. ಹೌದು, ಬುಡಗಳೂ ಅಲ್ಲೇ ಇರಬೇಕು ಎಂದೆ.

ಒಳಗಿನಿಂದ ಮಗಳ ದನಿ ಬಂತು. ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. “ಹೋಗು ಅಮ್ಮ, ಹೋಗು. ನಿನಗೆ ಮಗಳಿಗಿಂತ ಮಲ್ಲಿಗೆಯೇ ಹೆಚ್ಚು. ನನ್ನ ಮದುವೆಯ ದಿನವೂ ಬೆಳಿಗ್ಗೆ ಮೊಗ್ಗು ಕೊಯ್ದೇ ಬಂದವಳು.”

“ಕೊಯ್ಯದಿದ್ರೆ ಅರಳ್ತದೆ. ಅರಳಿದ್ರೆ ಯಾರು ತೆಗೊಳ್ತಾರೆ?” ಎಂದರು ತಾಯಿ. “ನೀನು ಓದಿದ್ದು ಯಾವುದ್ರ ದುಡ್ಡಲ್ಲಿ? ಹೇಳು. ಮೇಡಮ್ಮನ ಎದುರು ಹೇಳು.”

ಮಗಳು ಗೋಡೆಯ ಕಡೆ ತಿರುಗಿಕೊಂಡಳು. ಬಹುಶಃ ಅತ್ತಳು. ನಾನಿದ್ದ ಕಡೆಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಆಕೆ ಮಗುವನ್ನು ಎತ್ತಿ, ಬಟ್ಟೆಯಲ್ಲಿ ಸುತ್ತಿ, ನೆತ್ತಿಗೆ ಎಣ್ಣೆ ಒತ್ತಿದರು. ನಂತರ ಅವರು ಲೆಕ್ಕ ಹಾಕಿದಂತೆ ನಿಧಾನವಾಗಿ ಹೇಳಿದರು, “ನನ್ನೊಬ್ಬಳದ್ದು ಆದ್ರೆ ಬಿಡಬಹುದಿತ್ತು. ಮೂವತ್ತು ಮನೆಯವರದ್ದು ನನ್ನಿಂದ ನಿಂತಿದೆ ಅಂದ್ರೆ, ನಾಳೆ ಆ ಓಣಿಯಲ್ಲಿ ಹೇಗೆ ನಡೆಯುದು?”

ನಿಂತದ್ದು ನಿಮ್ಮಿಂದ ಅಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನನ್ನ ಬಾಯಿ ತೆರೆದದ್ದೂ ನೆನಪಿದೆ. ಅಳಿಯ ಚಹಾ ತಂದು ಕೊಟ್ಟ. ನಾನು ಅದನ್ನು ಕುಡಿದೆ.

ಆಕೆ ಅಳಿಯನ ಕಡೆ ತಿರುಗಿದರು. “ನೋಡಿದ್ಯಲ್ಲ? ನೀರು ಮೊದ್ಲು ನಿನ್ನ ಕೈ ಮೇಲೆ. ಕೈಗೆ ಬಿಸಿ ಅಂದ್ರೆ ಮಗುವಿಗೂ ಬಿಸಿ. ನಾಳೆಯಿಂದ ನೀನೇ ಮಾಡು, ನಾನು ಪಕ್ಕದಲ್ಲಿ ಕೂತು ನೋಡ್ತೇನೆ. ಅಷ್ಟು ದೊಡ್ಡ ಮೆಷಿನ್ ಹಿಡಿಯುವವನಿಗೆ ಇಷ್ಟು ಸಣ್ಣ ಮಗು ಹಿಡೀಲಿಕ್ಕೆ ಆಗುದಿಲ್ವಾ?”

“ಮೆಷಿನ್ ಜಾರುದಿಲ್ಲ ಅತ್ತೆ,” ಎಂದ ಅಳಿಯ. ನಾನು ಕೇಳಿದ ಅವನ ಮೊದಲ ಮಾತು ಅದು.

ಬುಡಗಳ ಚೀಲ ಬಾಲ್ಕನಿಯಲ್ಲಿ, ಮಳೆ ತಾಗದ ಕಡೆ ಇತ್ತು. ಬುಧವಾರ ಆಕೆ ಅದರೊಂದಿಗೆ ನಿಜಾಮುದ್ದೀನ್‌ನಿಂದ ರೈಲು ಹತ್ತಿದರು ಎಂದು ಅಳಿಯ ಸಂದೇಶ ಕಳಿಸಿದ. ಮಳೆಗಾಲದ ನಿಧಾನದ ರೈಲು, ಸುಮಾರು ಎರಡು ದಿನದ ದಾರಿ.

ಎರಡನೇ ಫೋಟೊ ಗಡುವಿಗೆ ಮೂರು ದಿನ ಮೊದಲೇ ಬಂತು. ಅದನ್ನು ನಾನು ಎಷ್ಟು ಹೊತ್ತು ನೋಡಿದೆನೆಂದು ಹೇಳಲಾರೆ. ಮಳೆ ಹನಿಯುತ್ತಿದೆ. ಆಕೆ ಕೊಡೆಯಿಲ್ಲದೆ ನಿಂತಿದ್ದಾರೆ. ಕುರ್ಚಿಯಿಲ್ಲ. ನೆಲ ಗುಡಿಸಿಲ್ಲ, ಎಲ್ಲಿಂದಲೋ ಬಂದ ತೆಂಗಿನ ಸೋಗೆ ಒಂದು ಹಾಗೇ ಬಿದ್ದಿದೆ. ಏಳು ಕುಳಿಗಳನ್ನು ತೋಡಿ, ಏಳು ಬುಡಗಳನ್ನು ಒಂದೊಂದರ ಪಕ್ಕ ಒಂದೊಂದು ಇಟ್ಟಿದ್ದಾರೆ. ಯಾವ ಬುಡ ಯಾವ ಕುಳಿಯದೆಂದು ಅವರಿಗೆ ಗೊತ್ತಿರುವಂತೆ ಕಂಡಿತು. ನಾನು ಬರೆದೆ, ‘ಚಿತ್ರದಲ್ಲಿ ಬೆಳೆಹಾನಿ ಕಂಡುಬರುತ್ತದೆ.’ ಮೊದಲಿನ ವಾಕ್ಯದಷ್ಟೇ ಉದ್ದದ ವಾಕ್ಯ. ಪಕ್ಕದ ಮೇಜಿನವರು ಬಗ್ಗಿ ನೋಡಿದರು. ತಮ್ಮ ಪರದೆಯ ಕಡೆ ತಿರುಗಿದರು.

ಆಗಸ್ಟ್ ಕೊನೆಯ ಸಭೆಯಲ್ಲಿ ಪಟ್ಟಿ ಒಪ್ಪಿಗೆಯಾಯಿತು. ಆ ಸಂಜೆ ಅಳಿಯ ಫೋನು ಮಾಡಿದ. ವಿಷಯ ತಿಳಿಸಿದೆ. ಮಗು ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ, ತಾನೇ ಸ್ನಾನ ಮಾಡಿಸುತ್ತಿದ್ದೇನೆ, ಒಮ್ಮೆ ಜಾರಿತ್ತು, ಏನೂ ಆಗಲಿಲ್ಲ, ಅತ್ತೆಗೆ ಹೇಳಿಲ್ಲ ಎಂದ. ಹಿಂದೆ ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ ಕೇಳಿಸಿತು.

“ಮೇಡಂ, ಆ ಲೆಟರಿನ ಕೆಳಗೆ ನಿಮ್ಮ ಹೆಸರೇ ಇತ್ತಲ್ಲ.”

ನಾನು ಹೌದು ಎಂದೆ.

“ಅವತ್ತು ಗೇಟಿನಲ್ಲಿ ನೋಡಿದೆ. ನಿಮ್ಮ ಕೊರಳಲ್ಲಿ ಕಾರ್ಡ್ ಇತ್ತಲ್ಲ, ಅದ್ರಲ್ಲೂ ಅದೇ ಹೆಸರು. ಅತ್ತೆಗೆ ಇಂಗ್ಲಿಷ್ ಬರುದಿಲ್ಲ.”

“ನೀವು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅವರು ನಿಮ್ಮನ್ನು ಬೈತಿದ್ರು. ನೀವು ಒಳಗೆ ಹೋಗಿಬಿಡ್ತಿದ್ರಿ. ಮತ್ತೆ ನಾವು ಯಾರನ್ನು ಹಿಡಿಯುದು?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಪಾಳಿಗೆ ಹೊತ್ತಾಯಿತು, ಇಡ್ತೇನೆ ಮೇಡಂ ಎಂದು ಇಟ್ಟ.

ಸೆಪ್ಟೆಂಬರಿನಲ್ಲಿ ಸಸಿ ಒದಗಿಸುವ ನರ್ಸರಿಯನ್ನು ಗೊತ್ತುಮಾಡುವ ಕಾಗದ ಜಿಲ್ಲೆಗೂ ರಾಜ್ಯಕ್ಕೂ ಓಡಾಡಿತು. ನಾನು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಯಾರೂ ಕೆಲಸ ತಡೆದು ಕೂತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿಗೆ ಬಂದದ್ದನ್ನು ತಮಗೆ ಕೊಟ್ಟ ದಿನಗಳೊಳಗೇ ಮುಗಿಸಿದರು. ಜುಲೈಯಲ್ಲಿ ನಾನು ಹಿಂದಕ್ಕೆ ಕಳಿಸದೆ ಇದ್ದಿದ್ದರೆ ಪಟ್ಟಿ ಆ ತಿಂಗಳ ಸಭೆಗೇ ಹೋಗಿ, ಇದೇ ಓಡಾಟ ಆಗಸ್ಟಿನಲ್ಲಿ ಮುಗಿದು, ಮಳೆ ಬಿಡುವ ಮುಂಚೆ ಸಸಿ ತಲುಪುತ್ತಿತ್ತು. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ ನೋಡಿದ್ದೇನೆ. ಮಲಗುವ ಕೋಣೆಯ ಅದೇ ಕ್ಯಾಲೆಂಡರು.

ಸಸಿಗಳು ನವೆಂಬರಿನಲ್ಲಿ ಊರು ತಲುಪಿದವು. ತಲುಪಿದ್ದಕ್ಕೆ ಸಾಕ್ಷಿಯಾಗಿ ಮತ್ತೆ ಮೂವರ ಚಿತ್ರ ಬಂತು. ಮೂರನೇ ಫೋಟೊ.

ಇದರಲ್ಲಿ ಬಿಸಿಲಿದೆ. ನೆಲ ಮತ್ತೆ ಗುಡಿಸಿದೆ. ಏಳು ಕುಳಿಗಳೂ ಅವುಗಳಾಚೆ ತೋಡಿದ ಬೇರೆ ಕುಳಿಗಳೂ ಖಾಲಿಯಿವೆ. ಅವುಗಳ ಅಂಚಿನಲ್ಲಿ ತೆಳ್ಳನೆ ಬಿಳಿ ಗೆರೆ. ಮೊದಲು ಸುಣ್ಣ ಅಂದುಕೊಂಡೆ. ಚಿತ್ರವನ್ನು ದೊಡ್ಡದು ಮಾಡಿದ ಮೇಲೆ ಉಪ್ಪು ಎಂದು ತಿಳಿಯಿತು. ಸಸಿಗಳು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲೇ ಜಗುಲಿಯ ನೆರಳಿನಲ್ಲಿ ಸಾಲಾಗಿ ನಿಂತಿವೆ. ಪಕ್ಕದಲ್ಲಿ ಕೊಡಪಾನ. ಪಂಚಾಯಿತಿಯ ನಲ್ಲಿಯ ಸಿಹಿನೀರು ದಿನಕ್ಕೆ ಮನೆಗೆ ನಾಲ್ಕೇ ಕೊಡ, ಅದರಲ್ಲಿ ಒಂದನ್ನು ಆಕೆ ಸಸಿಗಳಿಗೆ ಹಾಕುತ್ತಾರೆ, ಮುಂದಿನ ಜೂನ್ ತನಕ ಚೀಲದಲ್ಲೇ ಹೇಗಾದರೂ ಜೀವ ಹಿಡಿಸಿ ಇಡುತ್ತೇನೆ ಅನ್ನುತ್ತಾರೆ ಎಂದು ಜಿಲ್ಲೆಯ ಕಚೇರಿಯವರು ಫೋನಿನಲ್ಲಿ ತಿಳಿಸಿದರು. ಕೆಲವು ಆಗಲೇ ಹಳದಿಯಾಗಿದ್ದವು.

ಆಕೆ ನೀಲಿ ಸೀರೆಯಲ್ಲಿ ನೆಟ್ಟಗೆ ನಿಂತಿದ್ದಾರೆ. ಪಕ್ಕದಲ್ಲಿ ಕೆಂಪು ಕುರ್ಚಿ, ಅದರ ಮೇಲೆ ಬಿಳಿ ಟವೆಲು.

ನಾನು ತುಂಬಬೇಕಿದ್ದ ಕೋಷ್ಟಕದಲ್ಲಿ ‘ಸಸಿ ತಲುಪಿದೆಯೇ’ ಎಂಬ ಕಾಲಮ್ಮು ಇತ್ತು. ನೆಟ್ಟಿದ್ದಾರೆಯೇ ಎಂಬುದಕ್ಕೆ ಇರಲಿಲ್ಲ. ತಲುಪಿದೆ ಎಂದು ಬರೆದೆ. ಆಮೇಲೆ ಜಿಲ್ಲೆಯವರಿಗೆ ಮತ್ತೆ ಫೋನು ಮಾಡಿ ಆಕೆಯ ನಂಬರು ಕೇಳಿ ಬರೆದುಕೊಂಡೆ. ಡಯಲ್ ಮಾಡಿದೆ. ಆಕೆ ಎತ್ತಿಕೊಂಡು, “ಯಾರು ಮಾತಾಡುದು?” ಎಂದರು.

ನಾನು ನನ್ನ ಹೆಸರು ಹೇಳಿದೆ. ಜುಲೈಯಲ್ಲಿ ಆ ಪತ್ರ ಬರೆದವಳು ನಾನೇ ಎಂದೆ.

ಆ ಕಡೆಯಿಂದ ಕೊಡಕ್ಕೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಕೊಡ ತುಂಬುತ್ತ ಬಂದ ಹಾಗೆ ಸದ್ದು ಸಣ್ಣದಾಯಿತು.

“ನೀರು ಬಂದಿದೆ,” ಎಂದರು ಆಕೆ. “ಈಗ ಬಿಟ್ರೆ ಪುನಃ ನಾಳೆಯೇ. ಆಮೇಲೆ ಮಾಡಿ.”

ನಾನು ಆಮೇಲೆ ಮಾಡಿದೆ. ಎತ್ತಲಿಲ್ಲ.